ಕೈಯಲ್ಲಿ ಹಿಡಿದಾಡುವ ವಿಡಿಯೊ ಗೇಮ್ ಸಾಧನಗಳು: ಸ್ಮಾರ್ಟ್‌ಫೋನ್ ಕಾಲದ ಇಳಿಮುಖ

ಪರದೆ, ಗುಂಡಿ, ಬ್ಯಾಟರಿ ಮೂರನ್ನೂ ಒಂದೇ ಕವಚದಲ್ಲಿ ಸೇರಿಸಿ, ಟಿ.ವಿ.ಯ ಹಂಗಿಲ್ಲದೆ ಎಲ್ಲಿ ಕುಳಿತಾದರೂ ಆಡುವಂತೆ ರೂಪಿಸಿದ, ಆಟಕ್ಕೆಂದೇ ಮೀಸಲಾದ ಎಲೆಕ್ಟ್ರಾನಿಕ್ ಸಾಧನಗಳ ಕಥೆ ಇದು. ಇವುಗಳ ಜಾಗತಿಕ ಮಾರಾಟ 2008–09ರಲ್ಲಿ ತುತ್ತತುದಿ ಮುಟ್ಟಿತು. ಅಲ್ಲಿಂದ ಮುಂದಿನ ಹತ್ತು ವರ್ಷ ಇಳಿಯುತ್ತಲೇ ಹೋಯಿತು. ಸ್ಮಾರ್ಟ್‌ಫೋನ್ ಇದಕ್ಕೆ ಕಾರಣ ಎಂಬ ಮಾತು ಸಾಮಾನ್ಯ. ಅದು ನಿಜವೂ ಹೌದು. ಆದರೆ ಫೋನು ಈ ಸಾಧನಗಳನ್ನು ಸೋಲಿಸಿದ್ದು ಆಟದ ಗುಣದಿಂದಲ್ಲ, ಆಟದ ಬೆಲೆಯಿಂದ. ಕರ್ನಾಟಕದಲ್ಲಂತೂ ಕಥೆ ಬೇರೆಯೇ. ಹೆಸರಾಂತ ಕಂಪನಿಗಳ ಸಾಧನಗಳು ಇಲ್ಲಿ ಸರಿಯಾಗಿ ಮಾರುಕಟ್ಟೆಗೇ ಬರಲಿಲ್ಲ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಂಥ ಊರುಗಳಲ್ಲಿ ಅಂಗಡಿಗೆ ಬಂದು, ಆಮೇಲೆ ಕಾಣೆಯಾದದ್ದು ಅವುಗಳ ಅಗ್ಗದ ನಕಲುಗಳು.

ಆರಂಭ

1976ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಹೊರತಂದ ‘ಆಟೊ ರೇಸ್’ ಈ ಜಾತಿಯ ಮೊದಲ ಆಟಿಕೆಗಳಲ್ಲೊಂದು. ಅದರ ಪರದೆಯಲ್ಲಿ ಚಿತ್ರವಿರಲಿಲ್ಲ. ಕೆಂಪು ದೀಪದ ಗೀಟುಗಳೇ ಕಾರು. 1979ರಲ್ಲಿ ಮಿಲ್ಟನ್ ಬ್ರಾಡ್ಲಿ ಕಂಪನಿಯ ‘ಮೈಕ್ರೊವಿಷನ್’ ಆಟ ಬದಲಿಸುವ ಕಾರ್ಟ್ರಿಜ್ ತಂದಿತು. ಆದರೂ ಈ ವ್ಯವಹಾರಕ್ಕೆ ನಿಜವಾದ ಅಡಿಪಾಯ ಹಾಕಿದ್ದು ಜಪಾನಿನ ನಿಂಟೆಂಡೊ. ರೈಲಿನಲ್ಲಿ ಬೇಸರ ಕಳೆಯಲು ಕ್ಯಾಲ್ಕ್ಯುಲೇಟರ್ ಗುಂಡಿ ಒತ್ತುತ್ತ ಕುಳಿತಿದ್ದ ಪ್ರಯಾಣಿಕನೊಬ್ಬನನ್ನು ನೋಡಿ ನಿಂಟೆಂಡೊದ ವಿನ್ಯಾಸಕ ಗುನ್‌ಪೇ ಯೊಕೊಯಿಗೆ ‘ಗೇಮ್ ಆ್ಯಂಡ್ ವಾಚ್’ ಹೊಳೆಯಿತೆಂದು ಹೇಳುತ್ತಾರೆ. 1980ರಲ್ಲಿ ಮಾರುಕಟ್ಟೆಗೆ ಬಂದ ಈ ಸರಣಿಯ ಮಾರಾಟ ಒಟ್ಟು 4.3 ಕೋಟಿ ದಾಟಿತು. ಹಳೆಯದಾಗಿ ಅಗ್ಗವಾದ ತಂತ್ರಜ್ಞಾನವನ್ನೇ ಹೊಸ ಕೆಲಸಕ್ಕೆ ಹಚ್ಚಬೇಕು ಎಂಬುದು ಯೊಕೊಯಿಯ ನಿಲುವು.

1989ರ ಗೇಮ್ ಬಾಯ್ ಆ ನಿಲುವಿನ ದೊಡ್ಡ ಗೆಲುವು. ನಾಲ್ಕು ಪೆನ್ ಟಾರ್ಚ್ ಸೆಲ್ಲು, ಹಸಿರು ಛಾಯೆಯ ಪರದೆ, ಅದರಲ್ಲಿ ನಾಲ್ಕೇ ಬಗೆಯ ಕಪ್ಪು–ಬಿಳುಪು. ಅದರೊಡನೆ ಪೈಪೋಟಿಗೆ ಬಂದ ಅಟಾರಿ ಲಿಂಕ್ಸ್ ಮತ್ತು ಸೆಗಾ ಗೇಮ್ ಗಿಯರ್ ಎರಡಕ್ಕೂ ಬಣ್ಣದ ಪರದೆಯಿತ್ತು; ಆದರೆ ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗುತ್ತಿದ್ದವು. ಆಟದ ಜೊತೆ ಸೆಲ್ಲಿನ ಖರ್ಚನ್ನೂ ಹೊರಬೇಕಾದ ತಂದೆ–ತಾಯಿ ಬಣ್ಣವನ್ನು ಬಿಟ್ಟು ಬಾಳಿಕೆಯನ್ನು ಆರಿಸಿಕೊಂಡರು. ಅಮೆರಿಕದಲ್ಲಿ ಗೇಮ್ ಬಾಯ್ ಜೊತೆಗೇ ಕೊಟ್ಟ ‘ಟೆಟ್ರಿಸ್’, ಮಾಸ್ಕೊದಲ್ಲಿ ಅಲೆಕ್ಸಿ ಪಜಿಟ್ನೊವ್ 1984ರಲ್ಲಿ ಬರೆದ ಆಟ, ಮಕ್ಕಳಷ್ಟೇ ದೊಡ್ಡವರನ್ನೂ ಹಿಡಿದಿಟ್ಟಿತು. 1996ರಲ್ಲಿ ‘ಪೋಕೆಮಾನ್’ ಬಂದಮೇಲೆ ಮುದಿಯಾಗಿದ್ದ ಯಂತ್ರ ಮತ್ತೆ ಚುರುಕಾಯಿತು. ಗೇಮ್ ಬಾಯ್ ಮತ್ತು ಅದರ ಬಣ್ಣದ ಆವೃತ್ತಿ ಸೇರಿ 11.87 ಕೋಟಿ, 2001ರಲ್ಲಿ ಬಂದ ಗೇಮ್ ಬಾಯ್ ಅಡ್ವಾನ್ಸ್ 8.15 ಕೋಟಿ ಮಾರಾಟವಾದವು. 2004ರ ಕೊನೆಯಲ್ಲಿ ಬಂದ ಎರಡು ಪರದೆಯ ನಿಂಟೆಂಡೊ ಡಿಎಸ್ ಇವೆಲ್ಲವನ್ನೂ ಮೀರಿ 15.4 ಕೋಟಿ ಮುಟ್ಟಿತು. ಅದೇ ಚಳಿಗಾಲದಲ್ಲಿ ಹುಟ್ಟಿದ ಸೋನಿಯ ಪಿಎಸ್‌ಪಿ ಸುಮಾರು 8 ಕೋಟಿ.

ಕರ್ನಾಟಕದಲ್ಲಿ: ಬ್ರಿಕ್ ಗೇಮ್

ಇಷ್ಟು ಕೋಟಿಗಳ ಲೆಕ್ಕದಲ್ಲಿ ಕನ್ನಡನಾಡಿನ ಪಾಲು ಹುಡುಕಿದರೂ ಸಿಗುವಂಥದ್ದಲ್ಲ. ಅಸಲಿ ಗೇಮ್ ಬಾಯ್ ಇಲ್ಲಿ ಕಂಡದ್ದು ವಿದೇಶದಿಂದ ಬಂದ ನೆಂಟರ ಸೂಟ್‌ಕೇಸಿನಲ್ಲಿ, ಇಲ್ಲವೇ ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್, ಬರ್ಮಾ ಬಜಾರ್‌ನಂಥ ಕಡೆ ಬಿಲ್ಲಿಲ್ಲದೆ ಮಾರುವ ಅಂಗಡಿಗಳಲ್ಲಿ. ಕರಾವಳಿಯಲ್ಲಿ ಕೊಲ್ಲಿ ದೇಶಗಳ ನಂಟು ಹೆಚ್ಚು. ಅಲ್ಲಿಂದ ಬರುವ ಸಾಮಾನಿಗೆ ಭಟ್ಕಳದ ಅಂಗಡಿಗಳು ಹೆಸರಾಗಿದ್ದವು.

ಉಳಿದವರ ಪಾಲಿಗೆ ‘ವಿಡಿಯೊ ಗೇಮ್’ ಎಂದರೆ ಬ್ರಿಕ್ ಗೇಮ್. ಅಂಗೈಗಿಂತ ತುಸು ಉದ್ದದ ಪ್ಲಾಸ್ಟಿಕ್ ಡಬ್ಬಿ, ಎರಡು ಸೆಲ್ಲು, ಬಣ್ಣವಿಲ್ಲದ ಪರದೆ. ಪರದೆಯಲ್ಲಿ ಅಡ್ಡಕ್ಕೆ 10, ಉದ್ದಕ್ಕೆ 20 ಚೌಕಗಳು. ಯಾವ ಆಟವಾದರೂ ಆ 200 ಚೌಕಗಳಲ್ಲೇ ನಡೆಯಬೇಕು. ಟೆಟ್ರಿಸ್‌ನ ಇಟ್ಟಿಗೆಯೂ ಚೌಕ, ಕಾರೂ ಚೌಕ, ಟ್ಯಾಂಕೂ ಚೌಕ, ರಸ್ತೆ ದಾಟುವ ಕಪ್ಪೆಯೂ ಚೌಕವೇ. ಡಬ್ಬಿಯ ಮೇಲೆ ‘9999 ಇನ್ 1’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಒಳಗಿದ್ದದ್ದು ಬೆರಳೆಣಿಕೆಯ ಆಟಗಳು. ವೇಗವನ್ನೂ ಮಟ್ಟವನ್ನೂ ಬದಲಿಸಿ ಬದಲಿಸಿ ಎಣಿಸಿದರೆ ಆ ಲೆಕ್ಕ ಹೇಗೋ ಕೂಡಿಬರುತ್ತಿತ್ತು. ಚೀನಾದಲ್ಲಿ ತಯಾರಾಗಿ, ಟೆಟ್ರಿಸ್‌ನ ಹಕ್ಕುದಾರರಿಗೆ ಬಿಡಿಗಾಸೂ ಕೊಡದೆ ಬಂದ ಈ ಸರಕು ಫ್ಯಾನ್ಸಿ ಸ್ಟೋರ್, ಬಸ್‌ಸ್ಟ್ಯಾಂಡ್ ಅಂಗಡಿ, ಊರ ಜಾತ್ರೆಯ ಆಟಿಕೆ ಸಾಲು ಎಲ್ಲ ಕಡೆಯೂ ತೂಗಾಡಿತು. ಒಂದೇ ಡಬ್ಬಿಗೆ ಅಣ್ಣ–ತಮ್ಮ–ಅಕ್ಕ–ತಂಗಿ ಸರದಿ. ‘ಔಟಾದ್ರೆ ನಂಗೆ’ ಎಂಬ ಕರಾರು.

ಇದಕ್ಕೆ ಸಮನಾಗಿ ಮನೆಯೊಳಗೆ ಟಿ.ವಿ.ಗೆ ಜೋಡಿಸುವ ನಕಲಿ ನಿಂಟೆಂಡೊಗಳಿದ್ದವು. ಅವುಗಳ ಕಾರ್ಟ್ರಿಜ್‌ಗೆ ನಮ್ಮವರು ‘ಕ್ಯಾಸೆಟ್’ ಎಂದೇ ಕರೆದರು. ಮಾರಿಯೊ, ಕಾಂಟ್ರಾ ಕರ್ನಾಟಕದ ಮಕ್ಕಳಿಗೆ ಪರಿಚಯವಾದದ್ದು ಈ ಕ್ಯಾಸೆಟ್ಟುಗಳಿಂದ, ನಿಂಟೆಂಡೊ ಎಂಬ ಹೆಸರು ಕಿವಿಗೆ ಬೀಳುವ ಮುಂಚೆಯೇ.

ನಡುವೆ ಬಂದ ಹಾವು

ಫೋನು ಆಟದ ಸಾಮಾನಾಗಿದ್ದು ಸ್ಮಾರ್ಟ್ ಆಗುವುದಕ್ಕೂ ಮೊದಲು. 1997ರಲ್ಲಿ ನೋಕಿಯಾ 6110ಗೆ ತನೆಲಿ ಅರ್ಮಾಂಟೊ ಬರೆದ ‘ಸ್ನೇಕ್’ ಆಟದ ಮುಂದಿನ ಆವೃತ್ತಿ 2003ರ ನೋಕಿಯಾ 1100ರಲ್ಲೂ ಇತ್ತು. ಟಾರ್ಚ್ ಇರುವ ಫೋನ್ ಎಂದು ಹಳ್ಳಿಹಳ್ಳಿಯಲ್ಲೂ ಓಡಿದ 1100, ಜಗತ್ತಿನಾದ್ಯಂತ ಸುಮಾರು 25 ಕೋಟಿ ಮಾರಾಟವಾದ ಮಾದರಿ. ಅಂದರೆ ಗೇಮ್ ಬಾಯ್‌ನ ಎರಡು ಪಟ್ಟು. ಯಾರೂ ಅದನ್ನು ಹಾವಿನ ಆಟಕ್ಕೆಂದು ಕೊಂಡವರಲ್ಲ. ಇನ್ನು ಮುಂದಿನ ಇಡೀ ಕಥೆಯ ಬೀಜ ಇಲ್ಲಿದೆ: ಬೇರೆ ಅಗತ್ಯಕ್ಕೆ ಕೊಂಡ ಸಾಧನದಲ್ಲಿ ಆಟ ಪುಕ್ಕಟೆಯಾಗಿ ಬರುತ್ತದೆ.

ಇದನ್ನು ತಪ್ಪಾಗಿ ಓದಿದ್ದೂ ನೋಕಿಯಾವೇ. 2003ರ ಅಕ್ಟೋಬರ್‌ನಲ್ಲಿ ಅದು ಫೋನನ್ನೂ ಗೇಮ್ ಸಾಧನವನ್ನೂ ಸೇರಿಸಿ ‘ಎನ್–ಗೇಜ್’ ಎಂಬುದನ್ನು ಹೊರತಂದಿತು. ಆಟ ಬದಲಿಸಲು ಬ್ಯಾಟರಿ ತೆಗೆಯಬೇಕು; ಮಾತಾಡಲು ಫೋನನ್ನು ಅಂಚಿನಲ್ಲಿ ನಿಲ್ಲಿಸಿ ಕಿವಿಗೆ ಹಿಡಿಯಬೇಕು. ಜನ ನಕ್ಕರು, ಕೊಳ್ಳಲಿಲ್ಲ.

ಇಲ್ಲಿ ಆ ವರ್ಷಗಳಲ್ಲಿ ಬೆಳೆದದ್ದು ಇನ್ನೊಂದು ಕಸುಬು. ಕರೆನ್ಸಿ ಹಾಕುವ ಮೊಬೈಲ್ ಅಂಗಡಿಯವರು ಮೆಮರಿ ಕಾರ್ಡಿಗೆ ಹಾಡು, ಸಿನಿಮಾ, ಜೊತೆಗೆ ಜಾವಾ ಗೇಮುಗಳನ್ನು ತುಂಬಿ ಕೊಡುತ್ತಿದ್ದರು. ಹತ್ತಿಪ್ಪತ್ತು ರೂಪಾಯಿಗೆ ಕಾರ್ಡು ತುಂಬಿ ಬರುತ್ತಿತ್ತು. ಗೇಮನ್ನು ಬಿಡಿಯಾಗಿ ಹಣ ಕೊಟ್ಟು ಕೊಳ್ಳುವ ಅಭ್ಯಾಸ ಆಗಲೇ ಕಟ್ಟಿಕೊಳ್ಳಲಿಲ್ಲ, ಆಮೇಲೂ ಕಟ್ಟಿಕೊಳ್ಳಲಿಲ್ಲ.

ಪಿಎಸ್‌ಪಿ ಮತ್ತು ಅದರ ಭಾರತೀಯ ಆಟಗಳು

ಹೆಸರಾಂತ ಕೈ ಸಾಧನಗಳಲ್ಲಿ ಭಾರತದ ಅಂಗಡಿಗೆ ಅಧಿಕೃತವಾಗಿ ಬಂದು ಒಂದಿಷ್ಟು ಬೇರು ಬಿಟ್ಟದ್ದು ಪಿಎಸ್‌ಪಿ ಮಾತ್ರ. ಸೋನಿಗೆ ಇಲ್ಲಿ ಟಿ.ವಿ. ಮಾರುವ ಷೋರೂಂಗಳ ಜಾಲವಿತ್ತು; ನಿಂಟೆಂಡೊಗೆ ಅಂಥದ್ದೇನೂ ಇರಲಿಲ್ಲ. ಹೈದರಾಬಾದಿನ ಗೇಮ್‌ಶಾಸ್ತ್ರ ತಯಾರಿಸಿದ ‘ದೇಸಿ ಅಡ್ಡಾ’ 2009ರಲ್ಲಿ ಪ್ಲೇಸ್ಟೇಷನ್ 2 ಮತ್ತು ಪಿಎಸ್‌ಪಿ ಎರಡಕ್ಕೂ ಬಂತು. ಅದರಲ್ಲಿ ಕಬಡ್ಡಿ, ಚಿಣ್ಣಿದಾಂಡು, ಗಾಳಿಪಟದಂಥ ಆಟಗಳಿದ್ದವು. ಮುಂಬೈನ ಟ್ರೈನ್ ಗೇಮ್ಸ್‌ನ ಗಲ್ಲಿ ಕ್ರಿಕೆಟ್ ಆಟವೂ ಹೀಗೆಯೇ ಬಂತು. ಈ ಪ್ರಯತ್ನಗಳು ಮೂರ್ನಾಲ್ಕು ವರ್ಷಕ್ಕೆ ನಿಂತವು. ಪಿಎಸ್‌ಪಿ ಕೊಂಡ ಬಹುಪಾಲು ಹುಡುಗರು ಅದನ್ನು ಅಂಗಡಿಯಲ್ಲಿ ‘ಕ್ರ್ಯಾಕ್’ ಮಾಡಿಸಿ ಮೆಮರಿ ಸ್ಟಿಕ್‌ಗೆ ಆಟ ತುಂಬಿಸಿಕೊಂಡದ್ದು ಗುಟ್ಟೇನಲ್ಲ. ಡಿಸ್ಕ್ ಮಾರಿ ಲಾಭ ಕಾಣಬೇಕಾದ ವ್ಯಾಪಾರಕ್ಕೆ ಇದು ದೊಡ್ಡ ಪೆಟ್ಟು.

ಕುಸಿತದ ಅಂಕಿ

2008ರ ಜುಲೈನಲ್ಲಿ ಆ್ಯಪಲ್ ಕಂಪನಿ ಐಫೋನಿಗಾಗಿ ಆ್ಯಪ್ ಸ್ಟೋರ್ ತೆರೆಯಿತು. ಆ ವರ್ಷದ ಲೆಕ್ಕದಲ್ಲಿ ಕೈ ಸಾಧನಗಳಿಗೆ ಏನೂ ಆಗಲಿಲ್ಲ. 2009ರ ಮಾರ್ಚಿಗೆ ಕೊನೆಗೊಂಡ ಹಣಕಾಸು ವರ್ಷದಲ್ಲಿ ಡಿಎಸ್ 3.12 ಕೋಟಿ, ಪಿಎಸ್‌ಪಿ 1.41 ಕೋಟಿ ಮಾರಾಟವಾಗಿ ಎರಡೂ ತಮ್ಮ ಶಿಖರದಲ್ಲಿದ್ದವು. ಮುಂದಿನ ವರ್ಷ ಡಿಎಸ್ 2.71 ಕೋಟಿ, ಅದರ ಮುಂದಿನದು 1.75 ಕೋಟಿ, ಅದರಾಚೆಗೆ 51 ಲಕ್ಷ. ಪಿಎಸ್‌ಪಿ 99 ಲಕ್ಷಕ್ಕೆ, ನಂತರ 80 ಲಕ್ಷಕ್ಕೆ ಇಳಿಯಿತು. ಹಳೆಯ ಯಂತ್ರ ಇಳಿಯುವುದು ಸಹಜ, ಹೊಸದು ಬಂದರೆ ಸರಿಹೋಗುತ್ತದೆ ಎಂದು ಆಗ ಅಂದುಕೊಂಡಿದ್ದರು.

ಹೊಸದು ಬಂತು, ಸರಿಹೋಗಲಿಲ್ಲ. ಕನ್ನಡಕವಿಲ್ಲದೆ ಮೂರು ಆಯಾಮದ ಚಿತ್ರ ತೋರಿಸುವ ನಿಂಟೆಂಡೊ 3ಡಿಎಸ್ 2011ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ 25,000 ಯೆನ್‌ಗೆ ಮಾರುಕಟ್ಟೆಗಿಳಿಯಿತು. ಆರು ತಿಂಗಳಾಗುವುದರೊಳಗೆ ಬೆಲೆಯನ್ನು 15,000 ಯೆನ್‌ಗೆ, ಅಮೆರಿಕದಲ್ಲಿ 249.99 ಡಾಲರಿನಿಂದ 169.99 ಡಾಲರಿಗೆ ಇಳಿಸಬೇಕಾಯಿತು. ಕಂಪನಿಯ ಅಧ್ಯಕ್ಷ ಸತೊರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಕಡಿದುಕೊಂಡರು. 2012ರ ಮಾರ್ಚಿಗೆ ಮುಗಿದ ವರ್ಷದಲ್ಲಿ ನಿಂಟೆಂಡೊ 4,320 ಕೋಟಿ ಯೆನ್ ನಷ್ಟ ತೋರಿಸಿತು. ಬೆಲೆ ಇಳಿದಮೇಲೆ 3ಡಿಎಸ್ ಎರಡು ಮೂರು ವರ್ಷ ಚೆನ್ನಾಗಿಯೇ ಓಡಿದರೂ ಜೀವಮಾನದ ಮಾರಾಟ 7.59 ಕೋಟಿಗೆ ನಿಂತಿತು. ಅದರ ಅಪ್ಪ ಡಿಎಸ್ ಗಳಿಸಿದ್ದರ ಅರ್ಧ. 2020ರ ಸೆಪ್ಟೆಂಬರ್‌ನಲ್ಲಿ ಅದರ ತಯಾರಿಕೆ ಮುಗಿಯಿತು.

ಸೋನಿಯ ಪ್ಲೇಸ್ಟೇಷನ್ ವೀಟಾದ ಸ್ಥಿತಿ ಇನ್ನೂ ಕಷ್ಟದ್ದು. 2011ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ, 2012ರ ಫೆಬ್ರುವರಿಯಲ್ಲಿ ಭಾರತದಲ್ಲಿ ಬಂದ ವೀಟಾಗೆ ಇಲ್ಲಿ 19,990 ರೂಪಾಯಿ. ಅದರ ಮೇಲೆ, ಸೋನಿ ಮಾತ್ರವೇ ತಯಾರಿಸುವ ದುಬಾರಿ ಮೆಮರಿ ಕಾರ್ಡು ಬೇರೆ. ಮಾರಾಟದ ಪೂರ್ಣ ಲೆಕ್ಕವನ್ನು ಸೋನಿ ಕೊಡುವುದನ್ನೇ ನಿಲ್ಲಿಸಿತು. ಕಂಪನಿಗಳು ಅಂಕಿ ಹೇಳುವುದನ್ನು ನಿಲ್ಲಿಸಿದರೆ ಅದರ ಅರ್ಥ ವ್ಯಾಪಾರಿಗಳಿಗೆ ಗೊತ್ತಾಗುತ್ತದೆ. 2019ರ ಮಾರ್ಚ್ 1ಕ್ಕೆ ಜಪಾನಿನಲ್ಲೂ ವೀಟಾ ತಯಾರಿಕೆ ನಿಂತಿತು.

ಏಕೆ ಸೋತವು

ಆಟಗಾರನ ಕೈಗೆ ಯಾವುದು ಹಿತ ಎಂದು ಕೇಳಿದರೆ ಇಂದಿಗೂ ಗುಂಡಿಗಳಿರುವ ಸಾಧನವೇ ಗೆಲ್ಲುತ್ತದೆ. ಗಾಜಿನ ಮೇಲೆ ಬೆರಳಾಡಿಸುವಾಗ ಬೆರಳೇ ಅರ್ಧ ಆಟವನ್ನು ಮುಚ್ಚುತ್ತದೆ, ಕರೆ ಬಂದರೆ ಆಟ ಕೆಡುತ್ತದೆ, ಫೋನು ಬಿಸಿಯಾಗುತ್ತದೆ. ಹೀಗಿದ್ದೂ ಫೋನು ಗೆದ್ದದ್ದು ಎರಡು ಕಾರಣಕ್ಕೆ.

ಮೊದಲನೆಯದು ಆಟದ ಬೆಲೆ. ಕೈ ಸಾಧನದ ವ್ಯಾಪಾರ ನಿಂತಿದ್ದದ್ದು ಕಾರ್ಟ್ರಿಜ್‌ನ ಮೇಲೆ. ಸಾಧನವನ್ನು ಕಡಿಮೆ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೂ ಮಾರಿ, ತಲಾ 30–40 ಡಾಲರಿನ ಆಟಗಳಲ್ಲಿ ಹಣ ಮಾಡಬೇಕು. 2009ರ ಡಿಸೆಂಬರ್‌ನಲ್ಲಿ ಫಿನ್‌ಲ್ಯಾಂಡಿನ ರೊವಿಯೊ ‘ಆ್ಯಂಗ್ರಿ ಬರ್ಡ್ಸ್’ ಆಟವನ್ನು 99 ಸೆಂಟಿಗೆ ಮಾರಿತು. ‘ಟೆಂಪಲ್ ರನ್’ 2011ರಲ್ಲಿ ಒಂದು ತಿಂಗಳು ಹಣಕ್ಕೆ ಮಾರಿ, ನಂತರ ಉಚಿತವಾದಮೇಲೆ ಮನೆಮಾತಾಯಿತು. 2012ರ ‘ಸಬ್‌ವೇ ಸರ್ಫರ್ಸ್’, ‘ಕ್ಯಾಂಡಿ ಕ್ರಶ್’ ಮೊದಲಿನಿಂದಲೂ ಉಚಿತ. ಹಣ ಆಟದೊಳಗೆ, ಸ್ವಲ್ಪ ಸ್ವಲ್ಪವಾಗಿ, ಕೆಲವರಿಂದ ಮಾತ್ರ. ಆಟಕ್ಕೆ ನಲವತ್ತು ಡಾಲರ್ ಕೊಡಬೇಕೆಂಬ ನಂಬಿಕೆ ಹೋದಮೇಲೆ ಸಾಧನ ಎಷ್ಟು ಚೆನ್ನಾಗಿದ್ದರೇನು? ಅಗ್ಗದ ಆಟಗಳು ಇಡೀ ಉದ್ಯಮದ ಮೌಲ್ಯವನ್ನೇ ತಗ್ಗಿಸುತ್ತವೆಂದು 2011ರಲ್ಲಿ ಇವಾಟಾ ಎಚ್ಚರಿಸಿದ್ದರು. ಅವರು ಹೇಳಿದ್ದು ಸರಿಯಿತ್ತು. ಅದನ್ನು ತಡೆಯುವ ಶಕ್ತಿ ಮಾತ್ರ ಅವರ ಕಂಪನಿಗಿರಲಿಲ್ಲ. 2015ರಲ್ಲಿ ನಿಂಟೆಂಡೊ ತಾನೂ ಡಿಎನ್‌ಎ ಎಂಬ ಮೊಬೈಲ್ ಗೇಮ್ ಕಂಪನಿಯ ಜೊತೆ ಕೈಜೋಡಿಸಿತು. 2016ರ ಡಿಸೆಂಬರ್‌ನಲ್ಲಿ ಮಾರಿಯೊ ಐಫೋನಿನಲ್ಲಿ ಓಡಿದ.

ಎರಡನೆಯದು, ಫೋನು ಹೇಗಿದ್ದರೂ ಮನೆಗೆ ಬರುವ ಸಾಮಾನು. ಅದರ ಖರ್ಚು ಅಪ್ಪನ ದುಡಿಮೆಯ ಲೆಕ್ಕಕ್ಕೆ, ಅಕ್ಕನ ಕಾಲೇಜಿನ ಲೆಕ್ಕಕ್ಕೆ ಸೇರುತ್ತದೆ. ಗೇಮಿನ ಸಾಧನದ ಖರ್ಚು ಮಾತ್ರ ‘ಮಗುವಿನ ಹಟ’ದ ಲೆಕ್ಕ. ಅದೇ ಹಣದಲ್ಲಿ ಏನೇನು ಬರುತ್ತಿತ್ತೆಂದು ನೋಡಿದರೆ ಅಂತರ ತಿಳಿಯುತ್ತದೆ. ವೀಟಾ 19,990 ರೂಪಾಯಿಗೆ ಬಂದ ಹೊತ್ತಿಗೆ, ಬೆಂಗಳೂರಿನ ಯುಟಿಎಲ್ ಮತ್ತು ದೆಹಲಿಯ ಜೈನಾ ಬಳಗಗಳು 2009ರಲ್ಲಿ ಕೂಡಿ ಕಟ್ಟಿದ ಕಾರ್ಬನ್, ಹಾಗೆಯೇ ಮೈಕ್ರೋಮ್ಯಾಕ್ಸ್‌ನಂಥ ಬ್ರ್ಯಾಂಡುಗಳು ಅದರ ಅರ್ಧಕ್ಕೂ ಕಡಿಮೆ ಬೆಲೆಗೆ ಆಂಡ್ರಾಯ್ಡ್ ಫೋನ್ ಕೊಡುತ್ತಿದ್ದವು.

ಭಾರತದ ತೆರಿಗೆ ಪಟ್ಟಿಯೂ ಇದೇ ಭೇದವನ್ನು ಮಾಡಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಮೊಬೈಲಿಗೆ ಶೇ 12, ವಿಡಿಯೊ ಗೇಮ್ ಕನ್ಸೋಲಿಗೆ ಶೇ 28. ಅಂದರೆ ಒಂದು ಅಗತ್ಯ, ಇನ್ನೊಂದು ಶೋಕಿ. 2018ರ ಬಜೆಟ್‌ನಲ್ಲಿ ಕನ್ಸೋಲುಗಳ ಆಮದು ಸುಂಕ ಶೇ 10ರಿಂದ 20ಕ್ಕೇರಿತು. 2019ರ ಜನವರಿಯಿಂದ ಕನ್ಸೋಲಿನ ಜಿಎಸ್‌ಟಿಯನ್ನು ಶೇ 18ಕ್ಕಿಳಿಸಿದರು. 2020ರ ಏಪ್ರಿಲ್‌ನಿಂದ ಮೊಬೈಲಿನದನ್ನು ಶೇ 18ಕ್ಕೇರಿಸಿದರು. ಎರಡೂ ಸಮವಾಗುವ ಹೊತ್ತಿಗೆ ಕೈ ಸಾಧನದ ಅಂಗಡಿ ಮುಚ್ಚಿಯಾಗಿತ್ತು.

ಅಲೀಪುರ, ಗೌರಿಬಿದನೂರು ಸೀಮೆ

ಅಲೀಪುರ ಬೆಂಗಳೂರಿನ ಉತ್ತರಕ್ಕೆ, ಆಂಧ್ರದ ಗಡಿಗೆ ಹತ್ತಿರದಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿದೆ. ಶಿಯಾ ಮುಸ್ಲಿಮರು ಬಹುಸಂಖ್ಯೆಯಲ್ಲಿರುವ ಊರು. ರತ್ನದ ಹರಳುಗಳ ವ್ಯಾಪಾರಕ್ಕೆ ಹೆಸರಾದದ್ದು. ಮನೆಯಲ್ಲಿ ಉರ್ದು, ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ, ತೆಲುಗು. ಜಿಲ್ಲೆ ಕೋಲಾರದಿಂದ ಬೇರ್ಪಟ್ಟದ್ದು 2007ರ ಆಗಸ್ಟ್‌ನಲ್ಲಿ. ಅಮೆರಿಕದಲ್ಲಿ ಮೊದಲ ಐಫೋನ್ ಅಂಗಡಿಗೆ ಬಂದು ಎರಡು ತಿಂಗಳಾಗಿತ್ತು.

ಇಂಥ ಊರಿನ ಆಟಿಕೆ ಮಾರುಕಟ್ಟೆಯನ್ನು ನೋಡುವಾಗ ದಾರಿಯನ್ನು ನೋಡಬೇಕು. ಬೆಂಗಳೂರು–ಗುಂತಕಲ್ ರೈಲು ಮಾರ್ಗ ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ಹಿಂದೂಪುರಕ್ಕೆ ಹೋಗುತ್ತದೆ. ಚಿಲ್ಲರೆ ವ್ಯಾಪಾರಿಗೆ ಮೆಜೆಸ್ಟಿಕ್ಕು, ಚಿಕ್ಕಪೇಟೆ, ಎಸ್.ಪಿ. ರಸ್ತೆ ಒಂದು ದಿನದ ಕೆಲಸ. ಅಲ್ಲಿಂದ ಸಗಟಿನಲ್ಲಿ ತರುವ ಸರಕಿನಲ್ಲಿ ಬ್ರಿಕ್ ಗೇಮಿಗೆ ಜಾಗವಿತ್ತು, ಪಿಎಸ್‌ಪಿಗೆ ಇರಲಿಲ್ಲ. ಹತ್ತು ಸಾವಿರದ ಸಾಮಾನನ್ನು ಗಾಜಿನ ಕಪಾಟಿನಲ್ಲಿಟ್ಟು ಗಿರಾಕಿಗೆ ಕಾಯುವ ಬಂಡವಾಳ ಹೋಬಳಿ ಮಟ್ಟದ ಅಂಗಡಿಗೆ ಎಲ್ಲಿಯದು? ಈದ್ ದಿನ ಮಕ್ಕಳ ಕೈಗೆ ಬರುವ ಈದಿಯ ನೋಟಿಗೂ, ವಿದುರಾಶ್ವತ್ಥದ ಜಾತ್ರೆಗೆ ಹೊರಟ ಮಗುವಿಗೆ ಅಜ್ಜಿ ಕೊಡುವ ನೋಟಿಗೂ ದಕ್ಕುವ ಬೆಲೆ ಬ್ರಿಕ್ ಗೇಮಿನದು. ಆದ್ದರಿಂದ ‘ಕೈ ಸಾಧನದಿಂದ ಫೋನಿಗೆ ಜಿಗಿತ’ ಎಂದು ಜಪಾನಿನ ಬಗ್ಗೆ, ಅಮೆರಿಕದ ಬಗ್ಗೆ ಹೇಳುವ ಮಾತು ಈ ಸೀಮೆಗೆ ಅರ್ಧ ಮಾತ್ರ ಹೊಂದುತ್ತದೆ. ಇಲ್ಲಿನ ಹೆಚ್ಚಿನ ಮಕ್ಕಳು ಮೊದಲ ಬಾರಿ ಬಣ್ಣದ, ಚಲಿಸುವ, ಕಥೆಯಿರುವ ಆಟವನ್ನು ಕೈಯಲ್ಲಿ ಹಿಡಿದದ್ದೇ ಫೋನಿನಲ್ಲಿ.

ಆ ಕ್ಷಣ ಎಲ್ಲರಿಗೂ ಒಂದೇ ಸಲ ಬಂದಂತಾದದ್ದಕ್ಕೆ ಎರಡು ಘಟನೆ ಕಾರಣ. 2016ರ ಸೆಪ್ಟೆಂಬರ್ 5ರಂದು ಜಿಯೊ ಸೇವೆ ಶುರುವಾಗಿ ಮುಂದಿನ ಮಾರ್ಚ್‌ವರೆಗೆ ಡೇಟಾ ಪುಕ್ಕಟೆಯಾಯಿತು. ಅಂಗಡಿಯಲ್ಲಿ ಮೆಮರಿ ಕಾರ್ಡು ತುಂಬಿಸುವ ಕಸುಬು ಅಲ್ಲಿಗೆ ಮುಗಿಯಿತು. ಇನ್ನೊಂದು ಕೋವಿಡ್. ಶಾಲೆ ಮುಚ್ಚಿ ಪಾಠ ಫೋನಿಗೆ ಬಂದಾಗ, ಸ್ಮಾರ್ಟ್‌ಫೋನು ಇಲ್ಲದ ಮನೆಗಳೂ ಸಾಲ ಮಾಡಿ ಕೊಂಡವು. ಗ್ರಾಮೀಣ ಭಾರತದ ಶಾಲಾಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನಿರುವ ಪ್ರಮಾಣ 2018ರಲ್ಲಿ ಶೇ 36.5 ಇದ್ದದ್ದು 2020ರಲ್ಲಿ ಶೇ 61.8, 2021ರಲ್ಲಿ ಶೇ 67.6 ಆಯಿತೆಂದು ‘ಅಸರ್’ ಸಮೀಕ್ಷೆಗಳು ಹೇಳುತ್ತವೆ. ಪಾಠಕ್ಕೆ ಬಂದ ಫೋನಿನಲ್ಲಿ ಪಾಠ ಮುಗಿದಮೇಲೆ ಏನಾಗುತ್ತಿತ್ತೆಂದು ಯಾವ ಮನೆಯವರಿಗೂ ಹೇಳಬೇಕಾಗಿಲ್ಲ. ನವಿ ಮುಂಬೈನ ಗೇಮೆಷನ್ 2016ರಲ್ಲಿ ಹೊರತಂದಿದ್ದ ‘ಲೂಡೊ ಕಿಂಗ್’ ಆ ಲಾಕ್‌ಡೌನಿನಲ್ಲಿ ಅಜ್ಜಿಯನ್ನೂ ಮೊಮ್ಮಗನನ್ನೂ ಒಂದೇ ಪರದೆಗೆ ಕೂರಿಸಿತು.

ಹುಡುಗರ ಗುಂಪಿಗೆ ಅಂಟಿದ್ದು ಪಬ್‌ಜಿ. 2018ರ ಮಾರ್ಚಿನಲ್ಲಿ ಮೊಬೈಲಿಗೆ ಬಂದ ಆ ಆಟದಲ್ಲಿ ನೂರು ಜನ ಒಂದೇ ದ್ವೀಪಕ್ಕೆ ಇಳಿದು ಕೊನೆಗೊಬ್ಬ, ಇಲ್ಲವೇ ಒಂದು ತಂಡ ಉಳಿಯಬೇಕು. ಅಂಗಡಿಯ ಕಟ್ಟೆಯ ಮೇಲೆ ಸಾಲಾಗಿ ಕುಳಿತ ನಾಲ್ವರು ನಾಲ್ಕು ಫೋನಿನಲ್ಲಿ ಒಂದೇ ತಂಡ. ಗೇಮ್ ಬಾಯ್ ಕಾಲದಲ್ಲಿ ಇಬ್ಬರು ಜೊತೆಗೂಡಿ ಆಡಲು ತಂತಿ ಬೇಕಿತ್ತು, ಎರಡು ಸಾಧನ ಬೇಕಿತ್ತು, ಹೆಚ್ಚಾಗಿ ಎರಡು ಕಾರ್ಟ್ರಿಜ್ಜೂ ಬೇಕಿತ್ತು. ಚೀನಾದೊಡನೆ ಗಡಿ ಬಿಕ್ಕಟ್ಟಿನ ನಂತರ 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಅದರ ಕೊರಿಯಾದ ಮಾಲೀಕ ಕಂಪನಿ ಕ್ರಾಫ್ಟನ್ 2021ರ ಜುಲೈನಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಲ್ಲಿ ಮರಳಿ ತಂದಿತು. 2022ರ ಜುಲೈನಲ್ಲಿ ಅದನ್ನೂ ಆ್ಯಪ್ ಅಂಗಡಿಗಳಿಂದ ತೆಗೆಸಲಾಯಿತು. 2023ರ ಮೇನಲ್ಲಿ ಮತ್ತೆ ಬಂತು. ಸರ್ಕಾರ ಒಂದು ಆದೇಶದಿಂದ ಕೋಟ್ಯಂತರ ಜನರ ಕೈಯಿಂದ ಆಟ ಕಿತ್ತುಕೊಳ್ಳಬಹುದೆಂಬುದು ಕಾರ್ಟ್ರಿಜ್ ಕಾಲದವರಿಗೆ ಊಹೆಗೂ ನಿಲುಕದ ಸಂಗತಿ.

ಬೆಂಗಳೂರಿನ ಪಾಲು

ಕೈ ಸಾಧನ ಮಾರಾಟವಾಗದ ರಾಜ್ಯದಲ್ಲಿ ಗೇಮ್ ತಯಾರಿಕೆ ಬೆಳೆಯಿತೆಂಬುದು ವಿಚಿತ್ರ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಸ್ಟುಡಿಯೊಗಳಲ್ಲೊಂದು. ವಿದೇಶಿ ಕನ್ಸೋಲ್ ಆಟಗಳಿಗೆ ಕಾರು, ಕಟ್ಟಡ, ಮರಗಿಡಗಳ ಚಿತ್ರಕೆಲಸ ಮಾಡಿಕೊಟ್ಟು ಹೆಸರು ಗಳಿಸಿತು. 2019ರಲ್ಲಿ ಅದು ರಾಕ್‌ಸ್ಟಾರ್ ಗೇಮ್ಸ್‌ನ ಬೆಂಗಳೂರು ಶಾಖೆಯಲ್ಲಿ ಲೀನವಾಯಿತು. ಗೇಮ್ ಕಂಪನಿ ಜಿಂಗಾ ಅಮೆರಿಕದ ಹೊರಗಿನ ತನ್ನ ಮೊದಲ ಕಚೇರಿಯನ್ನು 2010ರಲ್ಲಿ ಇಲ್ಲಿ ತೆರೆಯಿತು. ಕ್ರಾಫ್ಟನ್‌ನ ಭಾರತದ ಕಚೇರಿಯೂ ಇಲ್ಲಿಯೇ. ಅನಿಮೇಷನ್–ಗೇಮಿಂಗ್‌ಗೆ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ತಂದ ರಾಜ್ಯ ಕರ್ನಾಟಕ, 2012ರಲ್ಲಿ. ಅಷ್ಟಾದರೂ ಕನ್ನಡದಲ್ಲಿ ಮಾತಾಡುವ, ಕನ್ನಡದ ನೆಲದಲ್ಲಿ ನಡೆಯುವ ಆಟಗಳು ಇನ್ನೂ ವಿರಳ. ಕೆಲಸ ಇಲ್ಲಿಯದು, ಕಥೆ ಹೊರಗಿನದು.

ಆಟಕ್ಕೆ ಹಣ ಕೊಡದ ಗಿರಾಕಿಯಿಂದ ಹಣ ತೆಗೆಯುವ ಇನ್ನೊಂದು ದಾರಿ, ಆಟದ ಮೇಲೆ ಹಣ ಕಟ್ಟಿಸುವುದು. 2018ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೊಬೈಲ್ ಪ್ರೀಮಿಯರ್ ಲೀಗ್ ಈ ಬಗೆಯ ದೊಡ್ಡ ಕಂಪನಿಗಳಲ್ಲೊಂದಾಯಿತು. ಆನ್‌ಲೈನ್ ಪಣವನ್ನು ತಡೆಯಲು ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ 2021ರ ಅಕ್ಟೋಬರ್‌ನಲ್ಲಿ ಜಾರಿಯಾಯಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ದೇಶಾದ್ಯಂತ ನಿಷೇಧಿಸುವ ಕಾಯ್ದೆ ಮಾಡಿತು. ಫೋನಿನ ಆಟದ ಚಟ ಬಿಡಿಸಲು ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ‘ಶಟ್’ ಎಂಬ ಕ್ಲಿನಿಕ್ ತೆರೆದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಗೀಳನ್ನು ತನ್ನ ರೋಗಪಟ್ಟಿಗೆ ಸೇರಿಸಿದ್ದು 2019ರಲ್ಲಿ. ಬ್ರಿಕ್ ಗೇಮ್ ಹಿಡಿದ ಮಗುವಿಗೂ ಮನೆಯಲ್ಲಿ ಬೈಗುಳ ಬೀಳುತ್ತಿತ್ತು. ಆದರೆ ಆ ಡಬ್ಬಿ ಮತ್ತೆ ಬಾ ಎಂದು ನೋಟಿಫಿಕೇಷನ್ ಕಳಿಸುತ್ತಿರಲಿಲ್ಲ, ಸೆಲ್ಲು ಮುಗಿದರೆ ಹೊಸದಕ್ಕೆ ಅಪ್ಪನನ್ನೇ ಕೇಳಬೇಕಿತ್ತು.

ತಯಾರಿಕೆಯ ನಕ್ಷೆಯೂ ಬದಲಾಗಿದೆ. ಐಫೋನಿನ ಜೋಡಣೆ ಭಾರತದಲ್ಲಿ ಶುರುವಾದದ್ದು 2017ರಲ್ಲಿ, ಬೆಂಗಳೂರಿನ ಪೀಣ್ಯದ ವಿಸ್ಟ್ರಾನ್ ಘಟಕದಲ್ಲಿ. ನಂತರ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ವಿಸ್ಟ್ರಾನ್ ದೊಡ್ಡ ಕಾರ್ಖಾನೆ ತೆರೆಯಿತು. ಸಂಬಳದ ತಕರಾರು 2020ರ ಡಿಸೆಂಬರ್‌ನಲ್ಲಿ ಅಲ್ಲಿ ದಾಂಧಲೆಗೆ ತಿರುಗಿತು. 2023ರಲ್ಲಿ ಆ ಘಟಕ ಟಾಟಾ ಕೈಸೇರಿತು. ದೇವನಹಳ್ಳಿ ಬಳಿ ಫಾಕ್ಸ್‌ಕಾನ್ 300 ಎಕರೆಯಲ್ಲಿ ಇನ್ನೊಂದನ್ನು ಎಬ್ಬಿಸಿದೆ. ಕೈ ಸಾಧನಗಳ ಮಾರಾಟವನ್ನು ಮುರಿದ ಯಂತ್ರ ಈಗ ಚಿಕ್ಕಬಳ್ಳಾಪುರದ ಅಕ್ಕಪಕ್ಕದಲ್ಲೇ ತಯಾರಾಗುತ್ತಿದೆ. ಗೇಮ್ ಸಾಧನ ತಯಾರಿಸುವ ಇಂಥ ಕಾರ್ಖಾನೆ ಈ ಸೀಮೆಗೆ ಎಂದೂ ಬಂದಿರಲಿಲ್ಲ.

ಮರುಚಿಗುರು

ಕೈ ಸಾಧನ ಸತ್ತೇಹೋಯಿತೆಂದು 2015ರ ಸುಮಾರಿಗೆ ಬರೆದವರೆಲ್ಲ ಎರಡೇ ವರ್ಷಕ್ಕೆ ಮಾತು ತಿದ್ದಿಕೊಳ್ಳಬೇಕಾಯಿತು. 2017ರ ಮಾರ್ಚ್ 3ರಂದು ಬಂದ ನಿಂಟೆಂಡೊ ಸ್ವಿಚ್ ಟಿ.ವಿ.ಗೂ ಸೇರುತ್ತದೆ, ಕೈಯಲ್ಲೂ ನಡೆಯುತ್ತದೆ. ಅದರ ಮಾರಾಟ 2025ರೊಳಗೆ 15 ಕೋಟಿ ದಾಟಿತು. ಇದನ್ನು ಕೈ ಸಾಧನವೆಂದು ಎಣಿಸಬೇಕೇ ಬೇಡವೇ ಎಂಬ ಚರ್ಚೆಯಿದೆ. ಎಣಿಸಿದರೆ ಇಳಿಮುಖದ ರೇಖೆ ಅಲ್ಲಿಗೆ ಮುರಿದು ಮೇಲೇರುತ್ತದೆ, ಬಿಟ್ಟರೆ ನೆಲಕ್ಕಿಳಿಯುತ್ತದೆ. ನಿಂಟೆಂಡೊ ತನ್ನ ಎರಡು ಬಗೆಯ ಗಿರಾಕಿಗಳನ್ನು ಒಂದೇ ಯಂತ್ರಕ್ಕೆ ತಂದಿತು ಎನ್ನುವುದು ಹೆಚ್ಚು ಸರಿ. ಫೋನಿನೊಡನೆ ಬೆಲೆಯಲ್ಲಿ ಸ್ಪರ್ಧಿಸುವ ಆಸೆಯನ್ನು ಅದು ಬಿಟ್ಟುಕೊಟ್ಟು, ಫೋನಿನಲ್ಲಿ ಸಿಗದ ದೊಡ್ಡ ಆಟಗಳನ್ನು ಪೂರ್ಣ ಬೆಲೆಗೇ ಮಾರಿತು. 2025ರ ಜೂನ್ 5ರಂದು ಬಂದ ಸ್ವಿಚ್ 2 ನಾಲ್ಕೇ ದಿನದಲ್ಲಿ 35 ಲಕ್ಷ ದಾಟಿತು. 2022ರಲ್ಲಿ ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಬಂದಮೇಲೆ ಕಂಪ್ಯೂಟರ್ ಆಟಗಳನ್ನೇ ಕೈಯಲ್ಲಿ ಆಡುವ ಇನ್ನೊಂದು ವರ್ಗ ಹುಟ್ಟಿತು.

ಭಾರತಕ್ಕೆ ಈ ಚಿಗುರು ಅರ್ಧಂಬರ್ಧ ತಲುಪಿದೆ. ಸ್ವಿಚ್ ಆಗಲಿ ಸ್ಟೀಮ್ ಡೆಕ್ ಆಗಲಿ ಇಲ್ಲಿ ಅಧಿಕೃತವಾಗಿ ಬಿಡುಗಡೆಯಾಗಲಿಲ್ಲ. ಬೆಂಗಳೂರಿನಲ್ಲಿ ಸಿಗುವ ಸ್ವಿಚ್ ಹೆಚ್ಚಾಗಿ ದುಬೈಯಿಂದಲೋ ಸಿಂಗಪುರದಿಂದಲೋ ಬಂದದ್ದು, ವಾರಂಟಿ ಅಂಗಡಿಯವನ ಬಾಯಿಮಾತು. ಆಸುಸ್ ಕಂಪನಿಯ ರಾಗ್ ಆ್ಯಲೈ 2023ರ ಜುಲೈನಲ್ಲಿ 69,990 ರೂಪಾಯಿಗೆ ಬಂತು. ಸೋನಿಯ ಪ್ಲೇಸ್ಟೇಷನ್ ಪೋರ್ಟಲ್ 2024ರಲ್ಲಿ 18,990 ರೂಪಾಯಿಗೆ ಬಂದರೂ ಮನೆಯಲ್ಲಿ ಪ್ಲೇಸ್ಟೇಷನ್ 5 ಇಲ್ಲದೆ ಆಗ ಅದರಲ್ಲಿ ಆಟ ನಡೆಯುತ್ತಿರಲಿಲ್ಲ. ಸಂಬಳದ ತರುಣರಿಗೆ ಇವು, ಮಕ್ಕಳಿಗಲ್ಲ.

ಮಕ್ಕಳಿಗೆ ಇನ್ನೂ ಸಿಗುವುದು ‘ಸಪ್ 400 ಇನ್ 1’ ಎಂಬ ಚೀನೀ ಡಬ್ಬಿ. ಆಕಾರ ಗೇಮ್ ಬಾಯ್‌ನದು, ಪರದೆ ಬಣ್ಣದ್ದು, ಒಳಗಿರುವವು ಮೂವತ್ತು ನಲವತ್ತು ವರ್ಷ ಹಿಂದಿನ ನಿಂಟೆಂಡೊ ಟಿ.ವಿ. ಆಟಗಳ ಪರವಾನಗಿಯಿಲ್ಲದ ನಕಲುಗಳು, ಹೆಸರು ತಿರುಚಿದಂಥವು. ಬ್ಯಾಟರಿ ಚಾರ್ಜ್ ಮಾಡಬಹುದಾದದ್ದು, ನೋಕಿಯಾ ಫೋನಿನ ಬ್ಯಾಟರಿಯ ಅಳತೆಯದೇ. ಆನ್‌ಲೈನ್ ಅಂಗಡಿಗಳಲ್ಲಿ ನಾನೂರು ಐನೂರು ರೂಪಾಯಿ. ಜಾತ್ರೆಯ ಸಾಲಿನಲ್ಲಿ ಚೌಕಾಶಿ ಮಾಡಿದಷ್ಟು. ಫೋನು ಕೊಡಲು ಮನಸ್ಸಿಲ್ಲದ ತಂದೆ–ತಾಯಿಗಳು ಇದನ್ನು ಕೊಳ್ಳುತ್ತಾರೆ, ಇದಕ್ಕೆ ಇಂಟರ್‌ನೆಟ್ ಇಲ್ಲವೆಂಬ ಒಂದೇ ಗುಣಕ್ಕೆ. ನಿಂಟೆಂಡೊ, ಸೋನಿಗಳ ವಾರ್ಷಿಕ ವರದಿಗಳ ಮೇಲೆ ನಿಂತ ಇಳಿಮುಖದ ಅಂಕಿಗಳಲ್ಲಿ ಈ ಡಬ್ಬಿ ಒಂದೂ ಸೇರಿಲ್ಲ. ಹಿಂದಿನ ಬ್ರಿಕ್ ಗೇಮೂ ಸೇರಿರಲಿಲ್ಲ.